ಸಣ್ಣ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣ: ಲಾಭ ಬರುವುದು ಎಲ್ಲಿಂದ, ಹೇಗೆ?

2021ರ ಮಳೆಗಾಲ. ಕೊರೊನಾ ಎರಡನೇ ಅಲೆಯ ಲಾಕ್‌ಡೌನ್‌ನಿಂದಾಗಿ ಬಾಳೆಕಾಯಿ ಕೇಳುವವರೇ ಇರಲಿಲ್ಲ. ಗೊನೆ ಕಡಿದು ಪೇಟೆಗೆ ಸಾಗಿಸಿದರೆ ಬಾಡಿಗೆಯೂ ಹುಟ್ಟದ ಸ್ಥಿತಿ. ಆಗ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹಲವು ಮನೆಗಳಲ್ಲಿ ಹೆಂಗಸರು ಬಾಳೆಕಾಯಿ ಹೆಚ್ಚಿ, ಒಣಗಿಸಿ, ಹುಡಿ ಮಾಡಿದರು. ಆ ಹುಡಿಯಿಂದ ದೋಸೆ ಹೊಯ್ದರು, ಗುಲಾಬ್ ಜಾಮೂನು ಮಾಡಿದರು. ಮಾಡಿದ್ದರ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರು. ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಪತ್ರಕರ್ತ ಶ್ರೀ ಪಡ್ರೆ ಈ ಪ್ರಯತ್ನಕ್ಕೆ ಹೆಗಲು ಕೊಟ್ಟರು. ಬಾಳೆ ಕಾಯಿ ಹುಡಿ ‘ಬಾಕಾಹು’ ಎಂಬ ಹೆಸರಲ್ಲಿ ಗುಂಪಿನಿಂದ ಗುಂಪಿಗೆ ಹರಿದಾಡಿತು. ನೋಡಿದವರು ತಾವೂ ಮಾಡಿ ಫೋಟೊ ಹಾಕಿದರು. ಮಾಡಲು ಪುರುಸೊತ್ತಿಲ್ಲದವರು ‘ಹುಡಿ ಎಲ್ಲಿ ಸಿಗುತ್ತದೆ?’ ಎಂದು ಕೇಳಿದರು. ಆ ವರ್ಷ ಜುಲೈ 25ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ಮಹಿಳೆಯರ ಕೆಲಸವನ್ನು ಪ್ರಸ್ತಾಪಿಸಿದರು. ಫೋಟೊಗಳು ಹಂಚಿಕೆಯಾಗಿ ಬೇಡಿಕೆ ಹೆಚ್ಚಿತು, ಅದರಿಂದ ಆದಾಯವೂ ಹೆಚ್ಚಿತು ಎಂದರು.

ಅಲ್ಲಿ ಅಂಗಡಿ ಇರಲಿಲ್ಲ, ಜಾಹೀರಾತು ಕಂಪನಿ ಇರಲಿಲ್ಲ. ಹಾಗಾದರೆ ಬೇಡಿಕೆ ಹುಟ್ಟಿದ್ದು ಹೇಗೆ? ಇಂದು ಹಪ್ಪಳ ಲಟ್ಟಿಸುವ ಮನೆಯಿಂದ ಹಿಡಿದು ಸೀರೆ ನೇಯುವ ಮಗ್ಗದವರೆಗೆ ಎಲ್ಲರಿಗೂ ‘ನೀವೂ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ’ ಎಂಬ ಸಲಹೆ ಸಿಗುತ್ತದೆ. ಹಾಕಿದ ಮೇಲೆ ಏನಾಗುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ.

ಜಾಹೀರಾತಿಗೂ ಜಾಲಕ್ಕೂ ಇರುವ ವ್ಯತ್ಯಾಸ

ಪತ್ರಿಕೆಯ ಜಾಹೀರಾತು ಒಬ್ಬರಿಂದ ಹೊರಟು ಸಾವಿರಾರು ಜನರನ್ನು ಮುಟ್ಟುತ್ತದೆ. ಓದಿದವರಿಗೆ ಅಲ್ಲೇ ಮರುಮಾತು ಹೇಳಲು ಜಾಗವಿಲ್ಲ. ಸಾಮಾಜಿಕ ಜಾಲತಾಣ ಹಾಗಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಯಾವುದೇ ಇರಲಿ, ಅಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಪರಿಚಯದ ಬಳಗ ಇರುತ್ತದೆ. ಬಂದ ಸುದ್ದಿಯನ್ನು ತಮ್ಮ ಬಳಗಕ್ಕೆ ದಾಟಿಸಬಹುದು, ಪ್ರಶ್ನೆ ಕೇಳಬಹುದು, ‘ನಾನು ತರಿಸಿದ್ದೆ, ಚೆನ್ನಾಗಿತ್ತು’ ಎನ್ನಬಹುದು, ‘ಕೆಟ್ಟುಹೋಗಿತ್ತು’ ಎಂದೂ ಬರೆಯಬಹುದು.

ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಿಗೆ ಬರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರಿಗೆ ಆ ಸುದ್ದಿ ತಲುಪಿದ್ದು ಹೆಚ್ಚಾಗಿ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಿಂದ ಎಂದು ತೋರಿಸಿದರು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯಸ್ಥರು ಬೇರೆಯೇ ಬಳಗದಲ್ಲಿ ಓಡಾಡುತ್ತಾರೆ. ಶಿರಸಿಯ ಮನೆಯೊಂದರ ಹುಡಿಯ ಸುದ್ದಿ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಮುಟ್ಟುವುದು ಇಂಥ ತೆಳು ನಂಟುಗಳ ಮೂಲಕವೇ: ಅತ್ತಿಗೆಯ ಸಹೋದ್ಯೋಗಿ, ಹಳೆಯ ಸಹಪಾಠಿ, ಮಗುವಿನ ಶಾಲೆಯ ಪೋಷಕರ ಗುಂಪು. ಮೊದಲು ವರ್ಷಕ್ಕೊಮ್ಮೆ ಮದುವೆ ಮನೆಯಲ್ಲಿ ಚಾಲೂ ಆಗುತ್ತಿದ್ದ ಈ ನಂಟುಗಳು ಈಗ ಫೋನಿನಲ್ಲಿ ದಿನವೂ ಜೀವಂತವಾಗಿವೆ. ವ್ಯಾಪಾರಕ್ಕೆ ಸಿಗುವ ಮೊದಲ ಅನುಕೂಲ ಇದೇ.

ನಂಬಿಕೆ ಹೇಗೆ ಕಟ್ಟಿಕೊಳ್ಳುತ್ತದೆ

ಸುದ್ದಿ ಮುಟ್ಟಿದ ಮಾತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನೋಡದ, ಮುಟ್ಟದ ವಸ್ತುವಿಗೆ, ಮುಖ ಕಾಣದ ಮನುಷ್ಯರಿಗೆ ಮುಂಗಡ ಹಣ ಹಾಕುವುದು ಸಣ್ಣ ಮಾತಲ್ಲ. ದೊಡ್ಡ ಕಂಪನಿಗೆ ಬ್ರ್ಯಾಂಡಿನ ಹೆಸರು ಬೆನ್ನಿಗಿದೆ. ಮನೆಯಲ್ಲಿ ಮಾಡಿ ಮಾರುವವರಿಗೆ ಏನಿದೆ? ತಾವು ಕೆಲಸ ಮಾಡುವ ರೀತಿಯನ್ನೇ ತೆರೆದು ತೋರಿಸಬಹುದು.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಭೌಗೋಳಿಕ ಸೂಚಕದ (ಜಿಐ), ಅಂದರೆ ಆ ಊರಿನದೇ ವಿಶಿಷ್ಟ ವಸ್ತು ಎಂಬ ಮಾನ್ಯತೆ ಇದೆ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ ಅದರ ವಿಶೇಷ. ಆದರೆ ಪೇಟೆಯಲ್ಲಿ ಇಳಕಲ್ ಎಂಬ ಹೆಸರಿನಲ್ಲಿ ಕೈಮಗ್ಗದ್ದೂ ಸಿಗುತ್ತದೆ, ವಿದ್ಯುತ್ ಮಗ್ಗದ್ದೂ ಸಿಗುತ್ತದೆ, ಬರೀ ಮಾದರಿ ನಕಲು ಮಾಡಿದ್ದೂ ಸಿಗುತ್ತದೆ. ಬೆಲೆ ಯಾಕೆ ಹೆಚ್ಚು ಎಂದು ಗಿರಾಕಿಗೆ ತಿಳಿಯುವುದಿಲ್ಲ. ಕೊಂಡಿ ಹಾಕುವ ಕೈಗಳ ಅರ್ಧ ನಿಮಿಷದ ವಿಡಿಯೊ ಅದನ್ನು ಒಂದೇ ಸಲಕ್ಕೆ ತಿಳಿಸುತ್ತದೆ. ಸೀರೆಯ ಹಿಂಬದಿ, ಸೆರಗು ಕೂಡುವ ಜಾಗ, ಬಣ್ಣ ಹಗಲು ಬೆಳಕಿನಲ್ಲಿ ಹೇಗೆ ಕಾಣುತ್ತದೆ, ಇವನ್ನೆಲ್ಲ ತೋರಿಸಿದವರ ಹತ್ತಿರ ಚೌಕಾಸಿ ಕಡಿಮೆಯಾಗುತ್ತದೆ. ಕೊಳ್ಳುವವರಿಗೆ ತಾವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದಲ್ಲ!

ಎರಡನೆಯದು, ಕೊಂಡವರ ಮಾತು. ನಾವು ‘ಶುದ್ಧ, ರುಚಿಕರ’ ಎಂದು ನೂರು ಸಲ ಬರೆದರೂ ಒಬ್ಬ ಗಿರಾಕಿ ತನ್ನ ಊಟದ ತಟ್ಟೆಯ ಫೋಟೊ ಹಾಕಿ ಎರಡು ಸಾಲು ಬರೆದದ್ದಕ್ಕೆ ಅದು ಸಮವಲ್ಲ. ಸರಕು ಮುಟ್ಟಿದ ಮೇಲೆ ‘ಹೇಗಿತ್ತು ತಿಳಿಸಿ, ಫೋಟೊ ಇದ್ದರೆ ಕಳಿಸಿ’ ಎಂದು ಕೇಳುವುದು ಒಳ್ಳೆಯ ರೂಢಿ. ಆ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬಾರದು.

ದೂರು ಬಂದಾಗ ಅದನ್ನು ಅಳಿಸಿಹಾಕುವ ಆಸೆ ಹುಟ್ಟುತ್ತದೆ. ಅಳಿಸಬೇಡಿ. ಎಲ್ಲರಿಗೂ ಕಾಣುವಂತೆ ‘ಬದಲಿ ಕಳಿಸುತ್ತೇವೆ’ ಎಂದು ಉತ್ತರಿಸಿ, ಕಳಿಸಿದರೆ, ಅದನ್ನು ಓದುವ ಉಳಿದವರಿಗೆ ಭರವಸೆ ಸಿಗುತ್ತದೆ.

ಇದೇ ಮಾತುಕತೆಯಿಂದ ಇನ್ನೊಂದು ಉಪಯೋಗವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ‘ಅರ್ಧ ಕೆಜಿ ಪೊಟ್ಟಣ ಇದೆಯಾ?’, ‘ಖಾರ ಕಡಿಮೆ ಸಿಗುತ್ತದಾ?’, ‘ಸೀರೆಯ ಜೊತೆ ಕುಪ್ಪಸದ ಬಟ್ಟೆ ಬರುತ್ತದಾ?’ ಎಂದು ಕೇಳುವ ಪ್ರತಿ ಪ್ರಶ್ನೆಯೂ ಮಾರುಕಟ್ಟೆ ಏನು ಬಯಸುತ್ತಿದೆ ಎಂಬುದರ ಸುಳಿವು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಮುಂದಿನ ಸಲ ಏನು ಮಾಡಬೇಕು ಎಂಬುದು ಗೊತ್ತಾಯಿತು. ಈ ಮಾಹಿತಿಗೆ ದೊಡ್ಡ ಕಂಪನಿಗಳು ಸಮೀಕ್ಷೆಗೆಂದು ದುಡ್ಡು ಸುರಿಯುತ್ತವೆ.

ನಮ್ಮ ಪೋಸ್ಟ್ ಯಾರಿಗೆ ಕಾಣುತ್ತದೆ?

‘ನನಗೆ ಎರಡು ಸಾವಿರ ಫಾಲೋವರ್ಸ್ ಇದ್ದಾರೆ, ಪೋಸ್ಟ್ ನೋಡಿದವರು ನೂರೂ ಇಲ್ಲ’ ಎಂಬ ದೂರು ಸಾಮಾನ್ಯ. ಹಾಕಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ ಎಂದುಕೊಂಡಿದ್ದರಿಂದ ಬರುವ ನಿರಾಸೆ ಇದು. ಒಬ್ಬ ವ್ಯಕ್ತಿಗೆ ದಿನಕ್ಕೆ ತೋರಿಸಬಹುದಾದ ಪೋಸ್ಟ್‌ಗಳು ಅಪಾರ, ಅವರು ನೋಡುವ ಹೊತ್ತು ಅಲ್ಪ. ಹಾಗಾಗಿ ಯಾವುದನ್ನು ಮುಂದಿಡಬೇಕು ಎಂದು ಕಂಪನಿಯ ಕಂಪ್ಯೂಟರ್ ಪ್ರೋಗ್ರಾಮ್ ತೀರ್ಮಾನಿಸುತ್ತದೆ. ಇದನ್ನೇ ಅಲ್ಗಾರಿದಮ್ ಎನ್ನುವುದು.

ಸಂತೆಯಲ್ಲಿ ಒಂದು ಅಂಗಡಿಯ ಮುಂದೆ ನಾಲ್ಕು ಜನ ನಿಂತು ಮಾತಾಡುತ್ತಿದ್ದರೆ ಹಾದುಹೋಗುವವರೂ ಒಮ್ಮೆ ಇಣುಕುತ್ತಾರೆ, ಯಾರೂ ನಿಲ್ಲದ ಅಂಗಡಿಯನ್ನು ದಾಟಿಹೋಗುತ್ತಾರೆ. ಅಲ್ಗಾರಿದಮ್‌ನ ನಡೆಯೂ ಹೀಗೇ. ಮೊದಲು ಕೆಲವರಿಗೆ ತೋರಿಸುತ್ತದೆ. ಅವರು ಎಷ್ಟು ಹೊತ್ತು ನೋಡಿದರು, ಮೆಚ್ಚಿದರೇ, ಬರೆದರೇ, ಇನ್ನೊಬ್ಬರಿಗೆ ಕಳಿಸಿದರೇ ಎಂದು ಲೆಕ್ಕ ಹಾಕಿ, ಗಮನ ಸೆಳೆದದ್ದನ್ನು ಇನ್ನಷ್ಟು ಜನರ ಮುಂದಿಡುತ್ತದೆ. ‘ನಮ್ಮಲ್ಲಿ ಉತ್ತಮ ಗುಣಮಟ್ಟದ ಉಪ್ಪಿನಕಾಯಿ ದೊರೆಯುತ್ತದೆ’ ಎಂಬ ಪೋಸ್ಟರಿಗಿಂತ ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ತೋರಿಸುವ ವಿಡಿಯೊ ಹೆಚ್ಚು ಓಡುವುದು ಇದಕ್ಕೇ. ಮೊದಲನೆಯದನ್ನು ಯಾರೂ ಯಾರಿಗೂ ಕಳಿಸುವುದಿಲ್ಲ. ಎರಡನೆಯದನ್ನು ನೋಡಿದವರು ‘ಅಜ್ಜಿ ಮನೆಯಲ್ಲಿ ಹೀಗೇ ಮಾಡುತ್ತಿದ್ದರು’ ಎಂದು ತಂಗಿಗೆ ಕಳಿಸುತ್ತಾರೆ.

ಫಾಲೋವರ್ಸ್‌ಗಳನ್ನು ದುಡ್ಡು ಕೊಟ್ಟು ಕೊಳ್ಳುವ ದಂಧೆಯೂ ಇದೆ. ಆ ಖಾತೆಗಳ ಹಿಂದೆ ಕೊಳ್ಳುವವರು ಇರುವುದಿಲ್ಲ. ಅವರು ನೋಡುವುದೂ ಇಲ್ಲ, ಬರೆಯುವುದೂ ಇಲ್ಲ, ಹಾಗಾಗಿ ಅಲ್ಗಾರಿದಮ್‌ನ ಕಣ್ಣಲ್ಲಿ ನಮ್ಮ ಪೋಸ್ಟ್ ಇನ್ನಷ್ಟು ಸಪ್ಪೆಯಾಗುತ್ತದೆ.

ಯಾವುದು ಯಾವ ಕೆಲಸಕ್ಕೆ

ಎಲ್ಲ ತಾಣಗಳಲ್ಲೂ ಖಾತೆ ತೆರೆದು ಎಲ್ಲವನ್ನೂ ಅರ್ಧಕ್ಕೆ ಬಿಡುವುದಕ್ಕಿಂತ ಒಂದೆರಡನ್ನು ನೆಟ್ಟಗೆ ನಡೆಸುವುದು ಲೇಸು. ಇನ್‌ಸ್ಟಾಗ್ರಾಮ್ ಹೊಸಬರಿಗೆ ಕಾಣಿಸಿಕೊಳ್ಳುವ ಜಾಗ, ಅದರಲ್ಲೂ ರೀಲ್ಸ್. ಬಟ್ಟೆ, ಒಡವೆ, ತಿನಿಸು, ಚನ್ನಪಟ್ಟಣದ ಗೊಂಬೆಯಂಥ ಕಣ್ಣಿಗೆ ಹಿಡಿಸುವ ವಸ್ತುಗಳಿಗೆ ಹೊಂದುತ್ತದೆ. ಫೇಸ್‌ಬುಕ್‌ನಲ್ಲಿ ಗುಂಪುಗಳ ಬಲವಿದೆ: ಕೃಷಿ, ಅಡುಗೆ, ಊರಿನ ಹೆಸರಿನ ಗುಂಪುಗಳು. ಯೂಟ್ಯೂಬ್‌ನಲ್ಲಿ ಹಾಕಿದ್ದು ವರ್ಷಗಳ ನಂತರವೂ ಹುಡುಕಿದವರಿಗೆ ಸಿಗುತ್ತದೆ, ಹಾಗಾಗಿ ‘ಹೇಗೆ ಬಳಸುವುದು’ ಎಂದು ತಿಳಿಸುವ ವಿಡಿಯೊಗಳಿಗೆ ಅದೇ ಸರಿ.

ವಾಟ್ಸ್‌ಆ್ಯಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮಲ್ಲಿ ಮಾರಾಟ ಕುದುರುವುದು ಬಹುತೇಕ ಅಲ್ಲೇ. 2018ರಲ್ಲಿ ಬಂದ ‘ವಾಟ್ಸ್‌ಆ್ಯಪ್ ಬಿಸಿನೆಸ್’ ಎಂಬ ಬೇರೆಯೇ ಆ್ಯಪ್ ಇದೆ. ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ್ದು, ಇಳಿಸಿಕೊಳ್ಳಲು ದುಡ್ಡಿಲ್ಲ. ಇದರಲ್ಲಿ ಅಂಗಡಿಯ ವಿಳಾಸ, ಸಮಯ ಹಾಕಿಡಬಹುದು. ಕ್ಯಾಟಲಾಗ್ ಎಂಬಲ್ಲಿ ವಸ್ತುಗಳ ಫೋಟೊ, ಬೆಲೆ, ವಿವರ ಜೋಡಿಸಿಟ್ಟರೆ ಕೇಳಿದವರಿಗೆಲ್ಲ ಒಂದೊಂದೇ ಫೋಟೊ ಕಳಿಸುವ ತಾಪತ್ರಯವಿಲ್ಲ. ದಿನಕ್ಕೆ ಹತ್ತು ಸಲ ಬರುವ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟು ಒಂದೇ ಒತ್ತಿಗೆ ಕಳಿಸಬಹುದು. ‘ಹೊಸ ಗಿರಾಕಿ’, ‘ಹಣ ಬಾಕಿ’, ‘ಕಳಿಸಿದ್ದಾಯಿತು’ ಎಂದು ಒಬ್ಬೊಬ್ಬರಿಗೂ ಲೇಬಲ್ ಅಂಟಿಸಿಡಬಹುದು.

ಇನ್ನು ಗುಂಪು ಮತ್ತು ಬ್ರಾಡ್‌ಕಾಸ್ಟ್ ಪಟ್ಟಿ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣಬಹುದು. ಬ್ರಾಡ್‌ಕಾಸ್ಟ್‌ನಲ್ಲಿ ನಮ್ಮ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿ, ಅದೂ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಈ ಷರತ್ತು ನಿಜಕ್ಕೂ ಒಳ್ಳೆಯದು. ನಂಬರ್ ಉಳಿಸಿಕೊಂಡವರೆಂದರೆ ನಮ್ಮಿಂದ ಸುದ್ದಿ ಬೇಕೆನ್ನುವವರು. ಕೇಳದೆ ಕಂಡಕಂಡವರನ್ನು ಗುಂಪಿಗೆ ಸೇರಿಸಿ ದಿನಕ್ಕೆ ಐದು ಸಂದೇಶ ಕಳಿಸುವವರನ್ನು ಜನ ಬ್ಲಾಕ್ ಮಾಡುತ್ತಾರೆ, ಹಲವರು ಹಾಗೆ ಮಾಡಿದರೆ ವಾಟ್ಸ್‌ಆ್ಯಪ್ ಖಾತೆಯನ್ನೇ ನಿಲ್ಲಿಸಬಹುದು.

ನನ್ನ ತಿಳಿವಳಿಕೆಯಲ್ಲಿ, ತಿಂಗಳಿಗೆ ಐವತ್ತು ಕೆಜಿ ಸಾಂಬಾರ್ ಪುಡಿ ಮಾಡುವ ಶಕ್ತಿಯಿರುವ ಮನೆಗೆ ಇಪ್ಪತ್ತು ಸಾವಿರ ಫಾಲೋವರ್ಸ್ ಬೇಕಿಲ್ಲ. ಎರಡು ತಿಂಗಳಿಗೊಮ್ಮೆ ತಪ್ಪದೆ ತರಿಸುವ ಇನ್ನೂರು ಮನೆಗಳು ಸಾಕು, ಅರ್ಧರ್ಧ ಕೆಜಿ ತರಿಸಿದರೂ ತಿಂಗಳ ಐವತ್ತು ಕೆಜಿ ಖರ್ಚಾಗುತ್ತದೆ.

ದುಡ್ಡು ಕೊಟ್ಟು ಪ್ರಚಾರ ಮಾಡಬೇಕೇ?

‘ಬೂಸ್ಟ್’ ಎಂಬ ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಒತ್ತಿ ಹಣ ಕಟ್ಟಿದರೆ ನಾವು ಆರಿಸಿದ ಊರು, ವಯಸ್ಸು, ಆಸಕ್ತಿಯ ಜನರಿಗೆ ಪೋಸ್ಟ್ ಕಾಣುತ್ತದೆ. ಇದು ಹರಾಜಿನ ಲೆಕ್ಕದಲ್ಲಿ ನಡೆಯುವುದರಿಂದ ದೀಪಾವಳಿಯಂಥ ಹಬ್ಬದ ಹೊತ್ತಿನಲ್ಲಿ, ಎಲ್ಲರೂ ಮುಗಿಬಿದ್ದಾಗ, ದರ ಏರುತ್ತದೆ.

ಹಣ ಹಾಕುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಬೇಕು. ಇದು ಕಲ್ಪಿತ ಉದಾಹರಣೆ: 1,000 ರೂಪಾಯಿ ಖರ್ಚು ಮಾಡಿದಿರಿ, 40 ಜನ ಮೆಸೇಜ್ ಮಾಡಿದರು, 5 ಜನ ಕೊಂಡರು. ಅಂದರೆ ಒಬ್ಬ ಗಿರಾಕಿಯನ್ನು ಕರೆತರಲು 200 ರೂಪಾಯಿ. ಒಂದು ಪೊಟ್ಟಣದ ಮೇಲೆ ನಿಮಗೆ ಉಳಿಯುವುದು 60 ರೂಪಾಯಿ ಆದರೆ ಮೊದಲ ಮಾರಾಟದಲ್ಲಿ 140 ರೂಪಾಯಿ ನಷ್ಟ. ಅದೇ ಗಿರಾಕಿ ನಾಲ್ಕನೇ ಸಲ ಕೊಂಡಾಗ ಮಾತ್ರ ಲಾಭದ ಮುಖ ಕಾಣುತ್ತದೆ. 3,000 ರೂಪಾಯಿ ಉಳಿಯುವ ಸೀರೆಗೆ ಇದೇ 200 ರೂಪಾಯಿ ಅಗ್ಗ. ಹಾಗಾಗಿ ‘ಜಾಹೀರಾತು ಒಳ್ಳೆಯದೇ?’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ವಸ್ತುವಿನ ಮೇಲೆ ಉಳಿಯುವುದೆಷ್ಟು, ಗಿರಾಕಿ ಮರಳಿ ಬರುತ್ತಾರೆಯೇ ಎಂಬುದು ಉತ್ತರವನ್ನು ಬದಲಿಸುತ್ತದೆ. ಈ 40ರಲ್ಲಿ 35 ಜನ ಯಾಕೆ ಕೊಳ್ಳಲಿಲ್ಲ ಎಂದು ನೋಡುವುದು ಮತ್ತೂ 1,000 ಸುರಿಯುವುದಕ್ಕಿಂತ ಜಾಣತನ. ಬಹಳ ಸಲ ಕಾರಣ ಚಿಕ್ಕದು: ಉತ್ತರ ತಡವಾಯಿತು, ಅಥವಾ ಕೊರಿಯರ್ ಖರ್ಚನ್ನು ಕೊನೆಯಲ್ಲಿ ಹೇಳಿದ್ದಾಯಿತು.

ಹೆಸರಿರುವವರಿಂದ, ಅಂದರೆ ಇನ್‌ಫ್ಲುಯೆನ್ಸರ್‌ಗಳಿಂದ ಹೇಳಿಸುವುದು ಇನ್ನೊಂದು ದಾರಿ. ಹಣ ಅಥವಾ ಉಚಿತ ವಸ್ತು ಪಡೆದು ಹೇಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಲಕ್ಷಗಟ್ಟಲೆ ಜನ ಹಿಂಬಾಲಿಸುವವರಿಗಿಂತ ನಿಮ್ಮ ಜಿಲ್ಲೆಯ, ನಿಮ್ಮ ವಿಷಯದ ಬಗ್ಗೆಯೇ ಮಾತಾಡುವ ಸಣ್ಣ ಖಾತೆಯವರು ಎಷ್ಟೋ ಸಲ ಹೆಚ್ಚು ಉಪಯುಕ್ತ.

ಆರ್ಡರ್ ಬಂದ ಮೇಲೆ

ಜಾಲತಾಣ ಗಿರಾಕಿಯನ್ನು ಬಾಗಿಲವರೆಗೆ ತರುತ್ತದೆ. ಮುಂದಿನದು ಹಳೆಯ ವ್ಯಾಪಾರದ ನಿಯಮವೇ. ಗಾಜಿನ ಬಾಟಲಿ ಒಡೆಯದಂತೆ ಕಟ್ಟುವುದು, ಎಣ್ಣೆ ಸೋರದಂತೆ ನೋಡುವುದು, ಹೇಳಿದ ದಿನ ಕಳಿಸುವುದು. ಅಂಚೆ ಮತ್ತು ಕೊರಿಯರ್ ಜೊತೆಗೆ 2021ರಲ್ಲಿ ಶುರುವಾದ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಸೇವೆಯೂ ಇದೆ. ಬಸ್ಸು ಹೋಗುವ ಊರುಗಳ ನಡುವೆ ಭಾರದ ಗಂಟು ಕಳಿಸುವವರು ಅದರ ದರವನ್ನೂ ಒಮ್ಮೆ ವಿಚಾರಿಸಬಹುದು.

ಕಾನೂನಿನ ಕಡೆ ಮೂರು ವಿಷಯ ಗೊತ್ತಿರಬೇಕು. ತಿನ್ನುವ ವಸ್ತು ಮಾರುವವರು, ಮನೆಯ ಅಡುಗೆಮನೆಯಲ್ಲೇ ಮಾಡಿದರೂ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ತೂಕ, ತಯಾರಿಸಿದ ದಿನ, ಗರಿಷ್ಠ ಮಾರಾಟ ಬೆಲೆ ಮುಂತಾದವು ಇರಬೇಕು.

ಮೂರನೆಯದು ಜಿಎಸ್‌ಟಿ, ಇದರಲ್ಲೇ ಬಹಳ ಗೊಂದಲ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ಸಾಮಾನ್ಯ ನಿಯಮ. ಆದರೆ ಇನ್‌ಸ್ಟಾಗ್ರಾಮ್ ನೋಡಿ ಪುಣೆಯವರೋ ಹೈದರಾಬಾದಿನವರೋ ಆರ್ಡರ್ ಮಾಡಿದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಬರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ಈ ಮಿತಿಯ ರಕ್ಷಣೆ ಇಲ್ಲ. ಸರ್ಕಾರ ಪಟ್ಟಿ ಮಾಡಿರುವ ಕರಕುಶಲ ವಸ್ತುಗಳಿಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ. ನಿಮ್ಮ ವಸ್ತು ಅದರಲ್ಲಿ ಬರುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಹಲವು ಅಂಗಡಿಗಳು ಕ್ಯುಆರ್ ಕೋಡನ್ನೇ ತೆಗೆದುಹಾಕಿದ್ದು ನೆನಪಿರಬಹುದು. ವ್ಯಾಪಾರದ ಹಣಕ್ಕೂ ಮನೆಯ ಹಣಕ್ಕೂ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಂಡು, ಕೊಂಡದ್ದಕ್ಕೂ ಮಾರಿದ್ದಕ್ಕೂ ಚೀಟಿ ಇಟ್ಟುಕೊಂಡವರಿಗೆ ಇಂಥ ನೋಟಿಸಿಗೆ ಉತ್ತರಿಸುವುದು ಸುಲಭ.

ಎಚ್ಚರ ಬೇಕಾದ ಜಾಗಗಳು

ಹಣ ಕಳಿಸಿದ್ದೇವೆ ಎಂದು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸರಕು ತರಿಸಿಕೊಳ್ಳುವವರಿದ್ದಾರೆ. ನಮ್ಮ ಖಾತೆಗೆ ಹಣ ಬಂದದ್ದನ್ನು ನಮ್ಮದೇ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿದ ಮೇಲೆಯೇ ಕಳಿಸಬೇಕು. ‘ಹಣ ಪಡೆಯಲು ಪಿನ್ ಒತ್ತಿ’ ಎಂದವರು ಮೋಸಗಾರರೇ, ಏಕೆಂದರೆ ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಖಾತೆಯನ್ನೇ ಕದಿಯುವುದೂ ನಡೆಯುತ್ತದೆ. ‘ನಿಮ್ಮ ಪೇಜ್ ಮುಚ್ಚಲಾಗುತ್ತದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶಗಳನ್ನು ನಂಬದಿರುವುದು, ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುಟ್ಟಿನ ಸಂಖ್ಯೆಯನ್ನೂ ಕೇಳುವ ವ್ಯವಸ್ಥೆ) ಚಾಲೂ ಮಾಡಿಟ್ಟುಕೊಳ್ಳುವುದು ಇದಕ್ಕೆ ರಕ್ಷಣೆ.

ಇನ್ನೊಂದು ಅಪಾಯ ನಮ್ಮ ಕೈಯಲ್ಲೇ ಇಲ್ಲದ್ದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಾಂತರ ಜನರನ್ನು ಸೇರಿಸಿಕೊಂಡಿದ್ದವರಿಗೆ ತಮ್ಮ ಫಾಲೋವರ್ಸ್‌ಗಳನ್ನು ಮತ್ತೆ ಮುಟ್ಟುವ ದಾರಿಯೇ ಇಲ್ಲವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಜಗತ್ತಿನಾದ್ಯಂತ ಸ್ತಬ್ಧವಾದವು. ಮೂರೂ ಒಂದೇ ಕಂಪನಿಯವು. ಕಂಪನಿ ನಿಯಮ ಬದಲಿಸಿದರೂ, ಯಾವುದೋ ತಪ್ಪು ದೂರಿನಿಂದ ನಮ್ಮ ಪೇಜ್ ನಿಂತರೂ ಇದೇ ಗತಿ.

ಇದಕ್ಕೆ ಉಪಾಯ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಇದೆ. ಕೊಂಡವರ ಹೆಸರು, ಊರು, ಫೋನ್ ನಂಬರ್, ಕೊಂಡ ವಸ್ತು ಮತ್ತು ದಿನಾಂಕ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲೋ ಕಂಪ್ಯೂಟರಿನ ಪಟ್ಟಿಯಲ್ಲೋ ಬರೆದಿಡಿ. ಆ ವಿವರವನ್ನು ಬೇರೆಯವರಿಗೆ ಕೊಡಬೇಡಿ. ವಾಟ್ಸ್‌ಆ್ಯಪ್ ನಿಂತ ದಿನ ಫೋನ್ ಮಾಡಬಹುದು, ಎಸ್‌ಎಂಎಸ್ ಕಳಿಸಬಹುದು. ಎರಡು ತಿಂಗಳಿಂದ ಏನೂ ತರಿಸದವರು ಯಾರು ಎಂಬುದೂ ಆ ಪಟ್ಟಿಯಲ್ಲೇ ಸಿಗುತ್ತದೆ. ವಾರಕ್ಕೊಮ್ಮೆ ಅದನ್ನು ತುಂಬಿಸಿ, ಒಂದು ಪ್ರತಿಯನ್ನು ಫೋನಿನಿಂದ ಹೊರಗೆ ಬೇರೆ ಕಡೆ ಇಟ್ಟುಕೊಳ್ಳಿ.